ಬ್ರೌಸರೂ ಬಳಸುವವನ ವಿಶ್ವಾಸವೂ

ಅಂತರಜಾಲದ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ನಾರಾಯಣಪುರದ ರೈತನು ತನ್ನ ಮೊಬೈಲಿನಲ್ಲಿ ಕಾಯಿಲೆಯ ಲಕ್ಷಣವನ್ನು ಹುಡುಕಲಿ, ಸಾಲದ ವಿವರವನ್ನು ನೋಡಲಿ, ಎಲ್ಲವೂ ಅದರ ಮೂಲಕವೇ ಸಾಗಬೇಕು. ಆದುದರಿಂದ ಅದನ್ನು ರಚಿಸಿದವನ ಪ್ರಾಮಾಣಿಕತೆಯು ಬಳಸುವವನಿಗೆ ರಕ್ಷೆಯಾಗುತ್ತದೆ.

ಜನಪ್ರಿಯತೆಯೊಂದೇ ವಿಶ್ವಾಸಕ್ಕೆ ಪ್ರಮಾಣವಲ್ಲ. 2020ರ ಜೂನಿನಲ್ಲಿ ಭಾರತ ಸರ್ಕಾರವು ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಬಹುಜನರು ಬಳಸುತ್ತಿದ್ದ ಯುಸಿ ಬ್ರೌಸರೂ ಇದ್ದಿತು. ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಸಂಸ್ಥೆಯು 2010ರಲ್ಲಿ ‘ಎಪಿಕ್’ ಬ್ರೌಸರನ್ನು ಹೊರತಂದು, 2013ರಲ್ಲಿ ಗೋಪ್ಯತೆಯ ರಕ್ಷಣೆಯನ್ನೇ ಅದರ ಮುಖ್ಯ ಧ್ಯೇಯವನ್ನಾಗಿಸಿ, ಮುಂದೆ ಮೊಬೈಲಿಗೂ ಒದಗಿಸಿತು.

ದೊಡ್ಡ ಹೆಸರಿನ ಬೆಂಬಲವಿಲ್ಲದ ಸ್ವತಂತ್ರ ಕರ್ತೃವು ವಿಶ್ವಾಸವನ್ನು ಗಳಿಸಬೇಕಾದರೆ ಅನಗತ್ಯ ಅನುಮತಿಗಳನ್ನು ಕೇಳಬಾರದು. ತನ್ನ ಆದಾಯದ ಮೂಲವನ್ನು ಮರೆಮಾಚಬಾರದು. ತಂತ್ರಾಂಶವನ್ನು ಬಲ್ಲವರ ಪರೀಕ್ಷೆಗೆ ಒಡ್ಡಿ, ಕಂಡ ದೋಷವನ್ನು ಒಡನೆಯೇ ತಿದ್ದಬೇಕು. ಗೋಪ್ಯತೆಯನ್ನು ಕಾಯುವೆನೆಂಬ ಭರವಸೆ ಸುಲಭ. ಯಾರೂ ನೋಡದೆಡೆಯಲ್ಲಿಯೂ ಅದನ್ನು ನಡೆಸಿಕೊಡುವುದೇ ನಿಜವಾದ ಕಾಯಕ.