ಹಳೆಯ ಹರಿಗೋಲಿನ ಎಲುಬು ಮತ್ತು ತೊಗಲು

ಹರಿಗೋಲು ಎಂಬುದು ಬಿದಿರಿನ ದಬ್ಬೆಗಳಿಂದ, ಅಂದರೆ ಉದ್ದುದ್ದ ಸೀಳುಗಳಿಂದ ಹೆಣೆದ ದುಂಡು ಬುಟ್ಟಿಗೆ ನೀರು ಇಳಿಯದ ಹೊದಿಕೆ ಹಾಕಿ ಮಾಡಿದ ದೋಣಿ. ಅದಕ್ಕೆ ಹಿಂದುಮುಂದಿಲ್ಲ, ಹಾಯಿಯಿಲ್ಲ, ಚುಕ್ಕಾಣಿಯಿಲ್ಲ, ಅಂಬಿಗನು ಅದನ್ನು ಒಂದೇ ಹುಟ್ಟಿನಿಂದ ನಡೆಸುತ್ತಾನೆ. ಈ ದೋಣಿ ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ತುಂಗಭದ್ರೆಯನ್ನು ದಾಟಿಸುತ್ತ ಬಂದು ಶತಮಾನಗಳಾಗಿವೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹೊರಗೆ ತೊಗಲು ಹೊದಿಸಿದ, ಹದಿನೈದಿಪ್ಪತ್ತು ಜನರನ್ನು ಹೊತ್ತು ಸುತ್ತುತ್ತಲೇ ಸಾಗುವ ಬುಟ್ಟಿದೋಣಿಗಳನ್ನು ಇಲ್ಲಿ ವರ್ಣಿಸಿದ್ದಾನೆ. ಅಂದಿನಿಂದ ಮುಖ್ಯವಾಗಿ ಬದಲಾದದ್ದು ಹೊದಿಕೆ; ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲ ಮತ್ತು ಡಾಂಬರು ಬಂದಿವೆ.

ಬಳಸಿದ ಹರಿಗೋಲನ್ನು ಕೊಂಡವರು ವಾಸ್ತವವಾಗಿ ಎರಡು ವಸ್ತುಗಳನ್ನು ಕೊಂಡಿರುತ್ತಾರೆ, ಬಿದಿರಿನ ಬುಟ್ಟಿಯೆಂಬ ಎಲುಬು ಮತ್ತು ಹೊದಿಕೆಯೆಂಬ ತೊಗಲು. ಇವೆರಡೂ ಮುಪ್ಪಾಗುವುದು ಬೇರೆ ಬೇರೆ ಕಾರಣಗಳಿಂದ. ಬಿದಿರಿನ ಬಲ ಅದರ ಹೊರಮೈಯಲ್ಲಿದೆ, ಏಕೆಂದರೆ ನಾರುಗಳು ಅಲ್ಲಿಯೇ ಒತ್ತಾಗಿರುತ್ತವೆ. ಒಳಭಾಗ ಮೆದು, ಅಲ್ಲಿರುವ ಪಿಷ್ಟಕ್ಕಾಗಿಯೇ ಕೊರೆಯುವ ಹುಳುಗಳು ಬರುತ್ತವೆ. ದಬ್ಬೆಯ ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ, ಅಥವಾ ಹೆಬ್ಬೆರಳಿನಿಂದ ಒತ್ತಿದಲ್ಲಿ ಅದು ಮತ್ತೆ ಚಿಮ್ಮದೆ ಕುಸಿದರೆ, ಆ ದಬ್ಬೆಯ ಆಯುಸ್ಸು ಮುಗಿದಂತೆ. ಮುರಿದದ್ದನ್ನು ಕಿತ್ತು ತೆಗೆಯಬೇಕಾಗಿಲ್ಲ. ಹಸಿಯಾದ ಅಥವಾ ನೀರಿನಲ್ಲಿ ನೆನೆಸಿ ಬಾಗುವಂತಾದ ಹೊಸ ದಬ್ಬೆಯನ್ನು ಹಳೆಯದರ ಪಕ್ಕದಲ್ಲೇ, ಮುರಿತದ ಎರಡೂ ಬದಿಗೆ ಹಲವು ಹೆಣಿಗೆಗಳಾಚೆಯವರೆಗೆ ತೂರಿಸಿದರೆ ಭಾರ ಅದರ ಮೇಲೆ ಹಂಚಿಹೋಗುತ್ತದೆ. ಮೊಳೆ ಹೊಡೆದ ದೋಣಿಗಿಂತ ಹೆಣೆದ ದೋಣಿ ಈ ವಿಷಯದಲ್ಲಿ ಬಹಳ ಉದಾರ.

ತೊಗಲಿನ ಕಥೆ ಇದಕ್ಕಿಂತ ಸೂಕ್ಷ್ಮವಾದುದು. ಡಾಂಬರು ನೀರನ್ನು ತಡೆಯುವುದು ಮಾತ್ರವಲ್ಲ, ಚೀಲದ ನೇಯ್ಗೆಯ ಸಂದುಗಳನ್ನು ತುಂಬಿ ಪದರಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಆದರೆ ಬಿಸಿಲಿಗೆ ಬಿದ್ದಂತೆಲ್ಲ ಅದರ ಹಗುರ ಎಣ್ಣೆಗಳು ಆರಿಹೋಗುತ್ತವೆ, ಗಾಳಿಯ ಆಮ್ಲಜನಕ ಅದರೊಡನೆ ಸೇರುತ್ತದೆ, ಮೃದುವಾಗಿದ್ದದ್ದು ಗಾಜಿನಂತೆ ಪೆಡಸಾಗುತ್ತದೆ. ಹರಿಗೋಲಿನ ತಳವಾದರೋ ಜನ ಹತ್ತಿ ಇಳಿದಾಗಲೆಲ್ಲ ಬಾಗುತ್ತದೆ, ಆನೆಗೊಂದಿಯ ಕಣಶಿಲೆಯ ಬಂಡೆಗಳಿಗೆ ಉಜ್ಜುತ್ತದೆ. ಬಾಗುವ ಎಲುಬಿಗೆ ಬಾಗದ ತೊಗಲು ಹೊಂದದೆ ಬಿರುಕುಬಿಡುತ್ತದೆ. ಪ್ಲಾಸ್ಟಿಕ್ ಚೀಲವನ್ನೂ ಬಿಸಿಲಿನ ನೇರಳಾತೀತ ಕಿರಣಗಳು ಪುಡಿಯಾಗಿಸುತ್ತವೆ. ಆದ್ದರಿಂದ ದೋಣಿಯನ್ನು ದಡದಲ್ಲಿ ಬೋರಲು ಹಾಕುವುದು ಒಳಗಿನ ಬಿದಿರನ್ನು ಮಳೆಯಿಂದ ಕಾಪಾಡಿದರೂ, ಹೊರಗಿನ ಡಾಂಬರನ್ನು ಬಿಸಿಲಿಗೊಡ್ಡುತ್ತದೆ. ಮರದ ನೆರಳೋ ಹುಲ್ಲಿನ ಹೊದಿಕೆಯೋ ಸಿಕ್ಕರೆ ಎರಡೂ ಉಳಿಯುತ್ತವೆ.

ತೂತು ಹುಡುಕಲು ದೋಣಿಯನ್ನು ಕಲ್ಲುಗಳ ಮೇಲೆ ಎತ್ತಿಟ್ಟು ಒಳಗೆ ಸ್ವಲ್ಪವೇ ನೀರು ಸುರಿದು ಹೊರಗೆ ಜಿನುಗುವ ಜಾಗವನ್ನು ಗುರುತಿಸಬಹುದು. ತೇಪೆಗೆ ಮೊದಲು ಆ ಜಾಗ ಪೂರ್ತಿ ಒಣಗಲೇಬೇಕು, ಏಕೆಂದರೆ ನೀರಿನ ತೆಳುಪದರದ ಮೇಲೆ ಡಾಂಬರು ಕೂರುತ್ತದೆಯೇ ಹೊರತು ಹಿಡಿಯುವುದಿಲ್ಲ. ಅನಂತರ ತೂತಿಗಿಂತ ಸಾಕಷ್ಟು ದೊಡ್ಡದಾದ ಬಟ್ಟೆಯ ತುಂಡನ್ನು ಬಿಸಿ ಡಾಂಬರಿನ ಮೇಲೆ ಹರವಿ, ಮೇಲೊಂದು ತೆಳು ಲೇಪ ಕೊಡಬೇಕು. ತೆಳು ಎಂಬ ಮಾತಿಗೆ ಇಲ್ಲಿ ಲೆಕ್ಕದ ಆಧಾರವಿದೆ. ಎರಡೂವರೆ ಮೀಟರ್ ಅಡ್ಡಳತೆಯ ಹರಿಗೋಲಿನ ವಿಸ್ತೀರ್ಣ ಸುಮಾರು 4.9 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಮುಳುಗಿದಾಗ ಸುಮಾರು 49 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಅಂದರೆ ಅಷ್ಟೇ ಕಿಲೋ ಭಾರವನ್ನು ಹೊರುತ್ತದೆ. ವರ್ಷವರ್ಷವೂ ಬಳಿದ ದಪ್ಪ ಡಾಂಬರು 50 ಕಿಲೋ ಆಗಿದ್ದರೆ, ಒಬ್ಬ ಪ್ರಯಾಣಿಕ ದೋಣಿ ಬಿಡುವ ಮೊದಲೇ ಹತ್ತಿ ಕೂತಂತೆ. ಅಂಥ ಹರಿಗೋಲಿಗೆ ಮತ್ತೊಂದು ತೇಪೆ ಹಾಕುವುದಕ್ಕಿಂತ ಇಡೀ ತೊಗಲನ್ನು ಸುಲಿದು, ಬರಿಯ ಬುಟ್ಟಿಯನ್ನು ನೆರಳಿನಲ್ಲಿ ಒಣಗಿಸಿ, ಹೊಸ ಹಾಳೆಯಿಂದ ಮತ್ತೆ ಆರಂಭಿಸುವುದು ಮೇಲು.