ಕೊರಿಯಾದ ಹೆಸರು, ಹಳೆಯ ಮುಲಾಮು

"ಎಂಟು ದಿನ ಹಚ್ಚ್ರಿ ಅಕ್ಕಾರ, ಮಾರಿ ಹೆಂಗ ಬೆಳ್ಳಗಾಗ್ತದ ನೋಡ್ರಿ." ಯಾದಗಿರಿ, ಶಹಾಪುರ, ಸುರಪುರದ ಬಜಾರಕ್ಕೆ ಈ ಮಾತು ಹೊಸದಲ್ಲ. ಹೊಸದೆಂದರೆ ಅದರ ಹಿಂದೆ ಬರುವ ಇನ್ನೊಂದು ಮಾತು: "ಇದು ಕೊರಿಯಾದ್ದು ರೀ." ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ, ಬಿಟಿಎಸ್ ಹಾಡು, 'ಗ್ಲಾಸ್ ಸ್ಕಿನ್' ರೀಲ್ಸ್ ನೋಡುವ ಕಾಲೇಜು ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ಈ ಹೆಸರು ಚೆನ್ನಾಗಿ ಗೊತ್ತು. ಒಳ್ಳೆಯ ಮಾಲೂ ಈ ಹೆಸರಿನಲ್ಲಿ ಬರುತ್ತದೆ, ಮುಖ ಕೆಡಿಸುವ ಮಾಲೂ ಬರುತ್ತದೆ. ಎರಡನ್ನೂ ಬೇರೆ ಮಾಡಲು ಕೆಲವು ನಂಬಿಕೆಗಳನ್ನು ಒಂದೊಂದಾಗಿ ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ 1: ಕೊರಿಯಾದವರು ಹಚ್ಚುವುದನ್ನೇ ನಾವೂ ಹಚ್ಚಿದರೆ ಅವರ ಹಾಗೆ ಬೆಳ್ಳಗಾಗುತ್ತೇವೆ.

ವಾಸ್ತವ: ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಬಣ್ಣ ತಯಾರಿಸುವ ಜೀವಕೋಶಗಳು ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿರುತ್ತವೆ. ಅವು ಮೆಲನಿನ್ ಎಂಬ ಬಣ್ಣದ ವಸ್ತುವನ್ನು ಎಷ್ಟು ತಯಾರಿಸಬೇಕು, ಎಂಥದ್ದನ್ನು ತಯಾರಿಸಬೇಕು ಎಂಬುದು ತಾಯಿತಂದೆಯಿಂದ ಬಂದದ್ದು. ಸಿಯೋಲ್ ನಗರ ಇರುವುದು ಉತ್ತರ ಅಕ್ಷಾಂಶ 37 ಡಿಗ್ರಿಯ ಮೇಲೆ, ನಮ್ಮ ಯಾದಗಿರಿ 16-17 ಡಿಗ್ರಿಯ ನಡುವೆ. ನೆತ್ತಿಯ ಮೇಲೆ ಸುಡುವ ಈ ಬಿಸಿಲಿನಿಂದ ಮೈ ಕಾಯಲೆಂದೇ ಮೆಲನಿನ್ ಇದೆ.

ಕೊರಿಯಾದ ಸರ್ಕಾರ ಬಣ್ಣ ತಿಳಿಗೊಳಿಸುವ ಕ್ರೀಮುಗಳನ್ನು ಪ್ರತ್ಯೇಕ ವರ್ಗದಲ್ಲಿಟ್ಟು, ಯಾವ ಪದಾರ್ಥ ಎಷ್ಟಿರಬೇಕೆಂದು ಗೊತ್ತುಮಾಡಿದೆ. ನಯಾಸಿನಮೈಡ್ ಶೇ 2ರಿಂದ 5, ಆರ್ಬ್ಯುಟಿನ್ ಶೇ 2ರಿಂದ 5, ಹೀಗೆ. ಇವು ಮೆಲ್ಲಗೆ ಕೆಲಸ ಮಾಡುವ ಪದಾರ್ಥಗಳು. ಎರಡು ಮೂರು ತಿಂಗಳು ತಪ್ಪದೆ ಹಚ್ಚಿದರೆ ಮೊಡವೆಯ ಕಲೆ, ಬಿಸಿಲಿನ ಕಪ್ಪು ಸ್ವಲ್ಪ ತಿಳಿಯಾಗಬಹುದು. ಹುಟ್ಟಿನಿಂದ ಬಂದ ಬಣ್ಣವನ್ನು ಅವು ಬದಲಿಸುವುದಿಲ್ಲ.

ತಪ್ಪು ಕಲ್ಪನೆ 2: 'ಗ್ಲಾಸ್ ಸ್ಕಿನ್' ಎಂದರೆ ಬಿಳಿ ಚರ್ಮ.

ವಾಸ್ತವ: ಅದು ತೇವ ಮತ್ತು ನುಣುಪಿನ ಮಾತು. ಮೇಲ್ಪದರ ಒಣಗದೆ ಸಮನಾಗಿದ್ದರೆ ಬೆಳಕು ಅದರ ಮೇಲೆ ಬಿದ್ದು ಹೊಳೆಯುತ್ತದೆ. ಪಾಲಿಶ್ ಮಾಡಿದ ಶಹಾಬಾದ್ ಫರಸಿ ಕಪ್ಪಗಿದ್ದೂ ಮಿರಮಿರ ಮಿಂಚುವುದಿಲ್ಲವೇ? ಹಾಗೆಯೇ ಎಣ್ಣೆಗಪ್ಪು ಮುಖವೂ ಮಿಂಚುತ್ತದೆ. ರೀಲ್ಸ್‌ನಲ್ಲಿ ಕಾಣುವ ಹೊಳಪಿಗೆ ಮೇಕಪ್, ಲೈಟು, ಫಿಲ್ಟರ್ ಕೂಡ ಕೈಜೋಡಿಸಿರುತ್ತವೆ.

ಹಾಗೆಂದು ಕೊರಿಯಾದಲ್ಲಿ ಬಿಳುಪಿನ ಹುಚ್ಚು ಇಲ್ಲವೆಂದಲ್ಲ. ಹೊಲದಲ್ಲಿ ದುಡಿಯುವವರು ಕಪ್ಪು, ನೆರಳಲ್ಲಿ ಕೂರುವ ದೊಡ್ಡಮನೆಯವರು ಬಿಳಿ ಎಂಬ ಎಣಿಕೆ ಅಲ್ಲಿಯೂ ಹಳೆಯದೇ. ಅದರ ಒತ್ತಡಕ್ಕೆ ಬೇಸತ್ತ ಅಲ್ಲಿನ ಯುವತಿಯರು 2018ರ ಸುಮಾರಿಗೆ ಮೇಕಪ್ ಸಾಮಾನುಗಳನ್ನು ಪುಡಿಮಾಡಿ, ಕೂದಲು ಕತ್ತರಿಸಿಕೊಂಡು, ಆ ಫೋಟೊಗಳನ್ನು ಎಲ್ಲರಿಗೂ ತೋರಿಸಿ ಪ್ರತಿಭಟಿಸಿದರು. ನಾವು ಮಾದರಿಯೆಂದು ನೋಡುತ್ತಿರುವ ಅಳತೆಗೋಲನ್ನು ಅಲ್ಲಿನವರೇ ಮುರಿಯಲು ನೋಡಿದ್ದಾರೆ.

ತಪ್ಪು ಕಲ್ಪನೆ 3: ಬೇಗ ಬೆಳ್ಳಗಾದರೆ ಕ್ರೀಮು ಚಲೋ ಅದ ಎಂದರ್ಥ.

ವಾಸ್ತವ: ಎಂಟೇ ದಿನದಲ್ಲಿ ಬೆಳ್ಳಗಾದರೆ ಹೆದರಬೇಕು. ಅಷ್ಟು ಬೇಗ ಫಲ ಕೊಡುವ ಡಬ್ಬಿಯೊಳಗೆ ಹೆಚ್ಚಾಗಿ ಇರುವುದು ಸ್ಟೆರಾಯ್ಡ್, ಇಲ್ಲವೇ ಪಾದರಸ.

ಸ್ಟೆರಾಯ್ಡ್ ಕ್ರೀಮು ಚರ್ಮದ ರಕ್ತನಾಳಗಳನ್ನು ಸಂಕುಚಿಸುತ್ತದೆ, ಬಣ್ಣ ತಯಾರಿಸುವ ಕೋಶಗಳನ್ನು ಅದುಮುತ್ತದೆ. ಮುಖ ಬಿಳಿಚಿದಂತೆ, ನುಣ್ಣಗೆ ಕಾಣುತ್ತದೆ. ನೆರೆಹೊರೆಯವರು "ಏನ್ ಹಚ್ಚೀಯವ್ವಾ?" ಎಂದು ಕೇಳುವುದೂ ಈ ಹೊತ್ತಿನಲ್ಲೇ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗುತ್ತದೆ, ಗಲ್ಲದ ಮೇಲೆ ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ ಮತ್ತು ಸಣ್ಣ ಕೂದಲು ಹೆಚ್ಚುತ್ತವೆ. ಹಚ್ಚುವುದನ್ನು ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ, ಬಿಸಿಲಿಗೆ ಹೊರಬೀಳಲು ಆಗುವುದಿಲ್ಲ. ಉರಿ ತಾಳದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಚಟ ಅಂಟುವುದು ಹೀಗೆ. ಚರ್ಮವೈದ್ಯರು ಇದನ್ನು 'ಸ್ಟೆರಾಯ್ಡ್‌ನಿಂದ ಕೆಟ್ಟ ಮುಖ' ಎಂದೇ ಗುರುತಿಸುತ್ತಾರೆ. ಇದೇ ಮುಲಾಮನ್ನು ಗಜಕರ್ಣಕ್ಕೆ ಹಚ್ಚಿದರೆ ತುರಿಕೆ ಇಳಿದಂತಾಗಿ, ಒಳಗೊಳಗೇ ರೋಗ ಹರಡುತ್ತದೆ.

2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಟ್ಯೂಬು ಕೈಗೆತ್ತಿಕೊಂಡು ಸಣ್ಣಕ್ಷರ ಓದಿ: ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುಸಿನೊಲೋನ್. ಈ ಹೆಸರಿದ್ದರೆ ಅದು ಸೌಂದರ್ಯದ ಕ್ರೀಮಲ್ಲ, ಔಷಧಿ. ಬಂಗಿಗೆ ಇದನ್ನೇ ಡಾಕ್ಟರು ಬರೆದುಕೊಟ್ಟರೂ ಕೆಲವು ವಾರಗಳ ಮಟ್ಟಿಗೆ ಮಾತ್ರ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತರಬಾರದು. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಟ್ಯೂಬು ಹಿಡಿದುಕೊಂಡೇ ಚರ್ಮವೈದ್ಯರ ಬಳಿ ಹೋಗಿ.

ತಪ್ಪು ಕಲ್ಪನೆ 4: ಹೊರದೇಶದ ಡಬ್ಬಿ, ಅದಕ್ಕೇ ಭರವಸೆ.

ವಾಸ್ತವ: ಹೊರಗಿನಿಂದ ಕಾನೂನುಬದ್ಧವಾಗಿ ಬಂದ ಸೌಂದರ್ಯವರ್ಧಕದ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇರಲೇಬೇಕು. ಓದಲು ಬಾರದ ಲಿಪಿಯಷ್ಟೇ ಇದ್ದು ಇವು ಯಾವುವೂ ಇಲ್ಲದಿದ್ದರೆ, ಆ ಡಬ್ಬಿ ಕೊರಿಯಾ ನೋಡಿದೆ ಎನ್ನುವುದಕ್ಕೇ ಪುರಾವೆಯಿಲ್ಲ.

ಇಂಥ ಡಬ್ಬಿಗಳಲ್ಲಿ ಪಾದರಸದ ಭಯ ದೊಡ್ಡದು. ಅದು ಮೆಲನಿನ್ ತಯಾರಿಕೆಯನ್ನು ತಡೆಯುತ್ತದೆ. ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡ ಸೇರುತ್ತದೆ. ಕೇರಳದ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಯಲ್ಲಿ ಆ ಕಾಯಿಲೆಯ ಅಪರೂಪದ ಒಂದೇ ಗುರುತು ಸಿಕ್ಕಿತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಕಾಲು ಬಾವು ಬಂದರೆ, ಮೂತ್ರದಲ್ಲಿ ನೊರೆ ನಿಂತರೆ ಡಾಕ್ಟರಿಗೆ ಕ್ರೀಮಿನ ವಿಷಯವನ್ನೂ ಹೇಳಬೇಕು. ಒಬ್ಬರು ಹಚ್ಚಿದ ಪಾದರಸ ಟವೆಲು, ದಿಂಬು, ಕೈ ಮೂಲಕ ಮನೆಯ ಮಕ್ಕಳಿಗೂ ತಗಲುತ್ತದೆ.

ತಪ್ಪು ಕಲ್ಪನೆ 5: ಸೂಜಿ ಮಾಡಿಸಿದರೆ ಮೈಯೆಲ್ಲ ಬೆಳ್ಳಗಾಗುತ್ತದೆ.

ವಾಸ್ತವ: ಇದಕ್ಕೆ ಚುಚ್ಚುವ ಗ್ಲುಟಾಥಯೋನ್ ಇಂಜೆಕ್ಷನ್ನಿಗೆ ಮೈ ಬೆಳ್ಳಗೆ ಮಾಡುವ ಔಷಧಿಯೆಂಬ ಮಂಜೂರಾತಿ ನಮ್ಮ ದೇಶದಲ್ಲಿ ಇಲ್ಲ. ತಿಳಿಯಾದರೂ ಅದು ಉಳಿಯುವುದಿಲ್ಲ. ತೀವ್ರ ಅಲರ್ಜಿಯ ಅಪಾಯವಂತೂ ಇದ್ದೇ ಇದೆ. ಬ್ಯೂಟಿ ಪಾರ್ಲರಿನಲ್ಲಿ ನರಕ್ಕೆ ಸೂಜಿ ಚುಚ್ಚಿಸಿಕೊಳ್ಳುವುದಂತೂ ಸಲ್ಲದು.

ತಪ್ಪು ಕಲ್ಪನೆ 6: ಮನೆಮದ್ದಿನಿಂದ ಕೆಡುಕಿಲ್ಲ.

ವಾಸ್ತವ: ಕಡಲೆಹಿಟ್ಟು, ಅರಿಶಿನದಿಂದ ಜಿಡ್ಡು ಹೋಗಿ ಮುಖ ಹಗುರಾಗುತ್ತದೆ, ಅಷ್ಟೇ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಮಾತ್ರ ಚರ್ಮ ಸುಟ್ಟು, ಇದ್ದದ್ದಕ್ಕಿಂತ ಕಪ್ಪು ಕಲೆ ಬೀಳಬಹುದು. ಬಸುರಿ ಕೇಸರಿ ಹಾಲು ಕುಡಿದರೆ ಕೂಸು ಕೆಂಪಗೆ ಹುಟ್ಟುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ತಪ್ಪು ಕಲ್ಪನೆ 7: ಕಪ್ಪಗಿರುವವರಿಗೆ ಸನ್‌ಸ್ಕ್ರೀನ್ ಯಾಕೆ?

ವಾಸ್ತವ: ಕೊರಿಯಾದವರಿಂದ ಕಲಿಯುವುದಿದ್ದರೆ ಇದೊಂದನ್ನು ಕಲಿಯಬೇಕು. ಅವರ ದಿನಚರಿಯಲ್ಲಿ ಸನ್‌ಸ್ಕ್ರೀನ್ ತಪ್ಪುವುದಿಲ್ಲ. ನಮ್ಮ ಚರ್ಮದಲ್ಲಿ ಬಿಸಿಲಿಗೆ ಬಂಗು, ಮೊಡವೆಯ ಕಲೆ ಬೇಗ ಗಾಢವಾಗುತ್ತವೆ. ಹಗಲಿನ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ. ಎಸ್‌ಪಿಎಫ್ 30 ಇರುವುದು ಸಾಕು. ಎರಡು ಬೆರಳುದ್ದ ಕ್ರೀಮು ಮುಖ, ಕುತ್ತಿಗೆಗೆ ಹಚ್ಚಬೇಕು. ಹೊರಗೇ ಇದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು.

ಹತ್ತಿ ಬಿಡಿಸಲು ಹೋಗುವ ನಮ್ಮ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಾರಲ್ಲ, ಅದಕ್ಕೆ ಯಾವ ಡಬ್ಬಿಯೂ ಸಾಟಿಯಿಲ್ಲ. ಬೆವರಿಗೆ ಕರಗದು, ಖರ್ಚೂ ಇಲ್ಲ.

ತಪ್ಪು ಕಲ್ಪನೆ 8: ಕುತ್ತಿಗೆಯ ಕಪ್ಪು ಎಂದರೆ ಕೊಳೆ.

ವಾಸ್ತವ: ಕುತ್ತಿಗೆ, ಕಂಕುಳು ದಪ್ಪಗಾಗಿ ಕಪ್ಪಾಗಿದ್ದರೆ ತಿಕ್ಕಿ ಪ್ರಯೋಜನವಿಲ್ಲ. ಅದು ಅನೇಕ ಸಲ ದೇಹಕ್ಕೆ ಇನ್ಸುಲಿನ್ ಹತ್ತುತ್ತಿಲ್ಲ ಎಂಬ ಸೂಚನೆ. ಸಕ್ಕರೆ ಪರೀಕ್ಷೆ ಮಾಡಿಸಬೇಕು. ಮೈಮೇಲೆ ತಿಳಿಬಣ್ಣದ ಮಚ್ಚೆ ಬಂದು ಅಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಕುಷ್ಠದ ಪರೀಕ್ಷೆ ಆಗಬೇಕು. ಅದರ ಔಷಧಿ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ. ಶಹಾಪುರ, ಸುರಪುರದಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಯಾದಗಿರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಕ್ರೀಮು ಮಾರುವವನನ್ನು ಕೇಳುವ ಮೊದಲು ಅಲ್ಲಿ ಕೇಳಿ.

ತಪ್ಪು ಕಲ್ಪನೆ 9: ಬೆಳ್ಳಗಾದರೆ ಎಲ್ಲ ಸರಿಹೋಗುತ್ತದೆ.

ವಾಸ್ತವ: 1975ರಲ್ಲಿ ಬಜಾರಕ್ಕೆ ಬಂದ ಫೇರ್ ಆ್ಯಂಡ್ ಲವ್ಲಿ, 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಹಾಕಿಕೊಂಡಿತು. ಆದರೂ ಹೆಣ್ಣು ನೋಡಲು ಹೊರಟ ಮನೆಯಲ್ಲಿ "ಹುಡುಗಿ ಕೆಂಪಗಿದ್ದಾಳೋ?" ಎಂಬ ಪ್ರಶ್ನೆ ನಿಂತಿಲ್ಲ. ಹುಡುಗಿ ಮುಲಾಮಿಗೆ ಕೈ ಹಾಕುವುದು ಆ ಪ್ರಶ್ನೆಯ ಭಯಕ್ಕೆ. ಸ್ಟೆರಾಯ್ಡಿನ ಟ್ಯೂಬನ್ನು ಡಾಕ್ಟರು ಬಿಡಿಸಬಹುದು. ಆ ಪ್ರಶ್ನೆಯನ್ನು ಬಿಡಬೇಕಾದವರು ಗಂಡಿನ ಮನೆಯವರು, ಅದಕ್ಕೂ ಮೊದಲು ಹುಡುಗಿಯ ತಾಯಿತಂದೆ.