ಇಲ್ಲದ ಯಂತ್ರಕ್ಕೆ ಎರಡು ವಿಳಾಸ

ಮೇನ್‌ಫ್ರೇಮನ್ನು ಮಾಮೂಲಿ ಪಿಸಿಯೊಳಗೆ ಸೃಷ್ಟಿಸುವ ಎಮ್ಯುಲೇಟರ್ ಹರ್ಕ್ಯುಲಿಸ್. ಅದಕ್ಕೆ ನೆಟ್‌ವರ್ಕ್ ಕೊಡಲು ಬಳಕೆಯಲ್ಲಿರುವ ಹಳೆಯ ದಾರಿಯಲ್ಲಿ ಕಾನ್ಫಿಗರೇಷನ್ ಫೈಲಿಗೆ ಎರಡು ಸಾಧನಗಳ ವಿಳಾಸಗಳನ್ನು ಬರೆಯಬೇಕು. ಉದಾಹರಣೆಗೆ 0ಇ20, 0ಇ21. ಮೊದಲನೆಯದು ಸಮ, ಪಕ್ಕದ್ದು ಬೆಸ. ಸಂಪರ್ಕ ಒಂದೇ ಆದರೂ ವಿಳಾಸ ಎರಡೇಕೆ?

ಇದರ ಬೇರು 1964ರಲ್ಲಿ ಐಬಿಎಂ ಘೋಷಿಸಿದ ಸಿಸ್ಟಮ್/360ರ ಪೀಳಿಗೆಯಲ್ಲಿದೆ. ಆ ಯಂತ್ರಗಳು ಡಿಸ್ಕು, ಟೇಪು, ಪ್ರಿಂಟರುಗಳೊಂದಿಗೆ ವ್ಯವಹರಿಸುತ್ತಿದ್ದುದು ಚಾನೆಲ್‌ಗಳ ಮೂಲಕ. ಎರಡು ಮೇನ್‌ಫ್ರೇಮ್‌ಗಳನ್ನೇ ಬೆಸೆಯಬೇಕಾದಾಗ ನಡುವೆ ‘ಚಾನೆಲ್ ಟು ಚಾನೆಲ್ ಅಡಾಪ್ಟರ್’ ಇಟ್ಟರು. ಆಚೆಯ ಯಂತ್ರ ಈಚೆಯದಕ್ಕೆ ಇನ್ನೊಂದು ಸಾಧನವಾಗಿ ಮಾತ್ರ ಕಾಣುತ್ತಿತ್ತು. ಇದು ‘ಬರೆ’ ಎಂದಾಗ ಅದು ‘ಓದು’ ಎನ್ನಬೇಕು. ಒಂದು ಸಾಧನಕ್ಕೆ ಒಮ್ಮೆಗೆ ಒಂದೇ ಕೆಲಸ. ಟಿಸಿಪಿ/ಐಪಿಗಾದರೋ ಎರಡೂ ದಿಕ್ಕು ಸದಾ ತೆರೆದಿರಬೇಕು. ಹಾಗಾಗಿ ಓದಲೊಂದು, ಬರೆಯಲೊಂದು.

ರೋಜರ್ ಬೌಲರ್ 1999ರಲ್ಲಿ ಶುರುಮಾಡಿದ ಹರ್ಕ್ಯುಲಿಸ್ ಈ ನಡವಳಿಕೆಯನ್ನು ಹಾಗೆಯೇ ಉಳಿಸಿಕೊಂಡಿತು. ಆಚೆ ತುದಿಯಲ್ಲಿ ಯಂತ್ರವಿಲ್ಲ, ಲಿನಕ್ಸ್‌ನ ಟನ್ ಎಂಬ ಸಾಫ್ಟ್‌ವೇರ್ ಇಂಟರ್‌ಫೇಸ್ ಇದೆ. ಒಳಗಿನ ಆಪರೇಟಿಂಗ್ ಸಿಸ್ಟಮ್ ಬೆಸ ವಿಳಾಸಕ್ಕೆ ಬರೆದ ಪ್ಯಾಕೆಟ್ ಅಲ್ಲಿಂದ ಹೊರಬೀಳುತ್ತದೆ. ಹೊರಗಿನದು ಸಮ ವಿಳಾಸದಲ್ಲಿ ಒಳಬರುತ್ತದೆ. ಒಳಗಿನ ‘ಅತಿಥಿ’ ಸಿಸ್ಟಮ್‌ಗೊಂದು, ಹೊರಗಿನ ‘ಆತಿಥೇಯ’ ಪಿಸಿಗೊಂದು ಐಪಿ ಕೊಟ್ಟು, ಆತಿಥೇಯದಲ್ಲಿ ಪ್ಯಾಕೆಟ್ ಫಾರ್ವರ್ಡಿಂಗ್ ತೆರೆದರೆ ಹೊರಜಗತ್ತಿಗೂ ದಾರಿ. ಆಮೇಲೆ ಬಂದ ಕ್ಯುಎಥ್ ಎಂಬ ಬಗೆಯ ಸಂಪರ್ಕಕ್ಕೆ ಮೂರು ವಿಳಾಸ ಬೇಕು. ನನ್ನ ಮನಸ್ಸು ನಿಂತಿರುವುದು ಮಾತ್ರ ಈ ಜೋಡಿಯಲ್ಲೇ. ಯಂತ್ರವೇ ಇಲ್ಲದ ಕಡೆಯೂ ಅದರ ಶಿಸ್ತನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರ ಮೇಲೆ ನನಗೆ ಅಪಾರ ಗೌರವ.

ಈ ಗೌರವವನ್ನು ಐಬಿಎಂ ಕೂಡ ಒಮ್ಮೆ ತೋರಿಸಿತ್ತು. ಮೇನ್‌ಫ್ರೇಮ್ ಲಿನಕ್ಸ್ ಕುರಿತ ಅದರದೇ ‘ರೆಡ್‌ಬುಕ್’ ಕೈಪಿಡಿಯಲ್ಲಿ ಹರ್ಕ್ಯುಲಿಸ್‌ಗೊಂದು ಅಧ್ಯಾಯವಿತ್ತು. ಆಮೇಲೆ ಅದನ್ನು ತೆಗೆದುಹಾಕಲಾಯಿತು. ವ್ಯಾಪಾರದ ತಕರಾರು ಏನೇ ಇರಲಿ, ಕಲಿಯುವವರ ಪುಸ್ತಕಕ್ಕೆ ಕತ್ತರಿ ಹಾಕಿದ್ದು ಅನ್ಯಾಯ. ಕೋಣೆ ತುಂಬುವ ಯಂತ್ರ ಕೊಳ್ಳಲಾಗದ ವಿದ್ಯಾರ್ಥಿಗೆ ಚಾನೆಲ್ ಎಂದರೇನೆಂದು ತೋರಿಸಬಲ್ಲ ಸಾಧನವದು.

ಜಗಳ ಅಲ್ಲಿಗೇ ನಿಲ್ಲಲಿಲ್ಲ. ಬೌಲರ್ ಕಟ್ಟಿದ ಟರ್ಬೊಹರ್ಕ್ಯುಲಿಸ್ ಕಂಪನಿ ತನ್ನ ಗ್ರಾಹಕರಿಗೆ ಐಬಿಎಂನ ಮೇನ್‌ಫ್ರೇಮ್ ಆಪರೇಟಿಂಗ್ ಸಿಸ್ಟಮ್ ಆದ ಝಡ್/ಓಎಸ್ ಲೈಸೆನ್ಸ್ ಕೇಳಿತು, ಐಬಿಎಂ ಒಪ್ಪಲಿಲ್ಲ. ದೂರು 2010ರಲ್ಲಿ ಯುರೋಪಿಯನ್ ಕಮಿಷನ್ ಮುಟ್ಟಿತು, ಅದೇ ವರ್ಷ ಜುಲೈಯಲ್ಲಿ ತನಿಖೆ ಶುರುವಾಯಿತು. 2011ರಲ್ಲಿ ದೂರನ್ನು ಹಿಂದಕ್ಕೆ ಪಡೆದ ಮೇಲೆ ಕಡತ ಮುಚ್ಚಿತು. ಝಡ್/ಓಎಸ್ ಸಿಗದಿದ್ದರೂ, ಅದರ ಪೂರ್ವಜ ಎಮ್‌ವಿಎಸ್‌ನ ಹಳೆಯ ಮುಕ್ತ ಆವೃತ್ತಿ 3.8ಜೆಯನ್ನೂ ಲಿನಕ್ಸನ್ನೂ ಹವ್ಯಾಸಿಗಳು ಹರ್ಕ್ಯುಲಿಸ್ ಮೇಲೆ ಈಗಲೂ ಓಡಿಸುತ್ತಿದ್ದಾರೆ.